ಸೋದರಮಾವನ ಜಾಡು ಹಿಡಿದು

1943ರ ಸೆಪ್ಟೆಂಬರ್ 14ರ ರಾತ್ರಿ ಇಂಗ್ಲೆಂಡಿನ ಲಿಂಕನ್‌ಷೈರ್ ಸೀಮೆಯ ಕೋನಿಂಗ್ಸ್‌ಬಿ ವಿಮಾನ ನೆಲೆಯಿಂದ ಎಂಟು ಲ್ಯಾಂಕಾಸ್ಟರ್ ಬಾಂಬರುಗಳು ಹೊರಟವು. ಒಂದೊಂದರ ಹೊಟ್ಟೆಯಲ್ಲೂ ಹೊಸದಾಗಿ ಬಂದಿದ್ದ 12,000 ಪೌಂಡು ತೂಕದ ಬಾಂಬು. ಜರ್ಮನಿಯ ಡಾರ್ಟ್‌ಮುಂಡ್-ಎಮ್ಸ್ ಕಾಲುವೆಯ ಏರಿಯನ್ನು ಲಾಡ್‌ಬರ್ಗೆನ್ ಬಳಿ ಒಡೆದು, ಆ ಜಲಮಾರ್ಗದ ಸರಕು ಸಾಗಣೆಯನ್ನು ನಿಲ್ಲಿಸಬೇಕೆಂಬುದು ಅಪ್ಪಣೆ. ವಿಮಾನಗಳು ಉತ್ತರ ಸಮುದ್ರದ ಮೇಲೆ ತೀರ ತಗ್ಗಿನಲ್ಲಿ ಹಾರುತ್ತಿದ್ದಾಗ, ಗುರಿಯ ಮೇಲೆ ಮಂಜು ಕವಿದಿದೆ, ಹಿಂತಿರುಗಿ ಎಂಬ ಸಂದೇಶ ರೇಡಿಯೋದಲ್ಲಿ ಬಂತು. ಭಾರ ಹೊತ್ತ ವಿಮಾನಗಳು ಕತ್ತಲಲ್ಲಿ, ನೀರಿನ ಮೇಲೆಯೇ ತಿರುವು ತೆಗೆದುಕೊಂಡವು. ಏಳು ಮರಳಿದವು. ಎಂಟನೆಯದು ಸಮುದ್ರಕ್ಕೆ ಬಿತ್ತು.

ಬಿದ್ದ ವಿಮಾನದ ಸಂಖ್ಯೆ ಜೆಬಿ981. ನಡೆಸುತ್ತಿದ್ದವನು ಸ್ಕ್ವಾಡ್ರನ್ ಲೀಡರ್ ಡೇವಿಡ್ ಮಾಲ್ಟ್‌ಬಿ, 23ರ ಹರೆಯದವನು. ಆ ಜುಲೈನಲ್ಲಷ್ಟೇ ಅವನಿಗೆ ಗಂಡುಮಗು ಹುಟ್ಟಿತ್ತು. ಗೆಳೆಯ ಡೇವಿಡ್ ಶಾನನ್ ತನ್ನ ವಿಮಾನವನ್ನು ಆ ಜಾಗದ ಮೇಲೆಯೇ ಸುತ್ತಿಸುತ್ತ, ರಕ್ಷಣಾ ದೋಣಿ ಬರುವವರೆಗೂ ಸ್ಥಳದ ಗುರುತನ್ನು ವೈರ್‌ಲೆಸ್ಸಿನಲ್ಲಿ ಕಳಿಸುತ್ತಿದ್ದ. ಸಿಕ್ಕಿದ್ದು ಒಂದೇ ದೇಹ, ಮಾಲ್ಟ್‌ಬಿಯದು. ಕೆಂಟ್ ಪ್ರಾಂತದ ವಿಕಮ್‌ಬ್ರೋ ಎಂಬ ಹಳ್ಳಿಯಲ್ಲಿ, ಅವನು ಮದುವೆಯಾಗಿದ್ದ ಚರ್ಚಿನ ಅಂಗಳದಲ್ಲೇ ಅವನನ್ನು ಮಣ್ಣು ಮಾಡಿದರು. ಜೊತೆಗಿದ್ದ ಏಳು ಮಂದಿಯಲ್ಲಿ, ಅಂದರೆ ಅವನದೇ ತಂಡದ ಆರು ಜನ ಮತ್ತು ಆ ರಾತ್ರಿ ಹತ್ತಿದ್ದ ಒಬ್ಬ ಹೆಚ್ಚುವರಿ ಗನ್ನರ್, ಇವರಲ್ಲಿ ಒಬ್ಬರೂ ಸಿಗಲಿಲ್ಲ.

ಮಾಲ್ಟ್‌ಬಿಯ ಸೋದರಿಯ ಮಗ ಚಾರ್ಲ್ಸ್ ಫಾಸ್ಟರ್. ತಾನು ಎಂದೂ ಕಾಣದ ಸೋದರಮಾವನ ಜಾಡು ಹಿಡಿದು ಹೋಗಿ, 2008ರಲ್ಲಿ ಅವನ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ ಸತ್ತ ಚಿಕ್ಕಪ್ಪ, ದೊಡ್ಡಪ್ಪ, ಮಾವ, ಅಜ್ಜಂದಿರನ್ನು ಹುಡುಕುವ ಸಾವಿರಾರು ಕುಟುಂಬಗಳು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಲ್ಲಿ ಇವತ್ತಿಗೂ ಇವೆ. ಅವುಗಳಲ್ಲಿ ಫಾಸ್ಟರನ ಹುಡುಕಾಟವನ್ನೇ ನಾನು ಇಲ್ಲಿ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅವನು ಹೊರಟದ್ದು ಒಬ್ಬನಿಗಾಗಿ. ಆ ದಾರಿ ಅವನನ್ನು ಬೇರೆ ಆರು ಮನೆಗಳ ಬಾಗಿಲಿಗೆ ಕರೆದೊಯ್ದಿತು. ಬಾಂಬರಿನಲ್ಲಿ ಸತ್ತವನನ್ನು ಒಬ್ಬನನ್ನಾಗಿ ಹುಡುಕಲು ಆಗುವುದಿಲ್ಲ. ಅವನು ಏಳು ಜನರಲ್ಲಿ ಒಬ್ಬನಾಗಿ ಬದುಕಿದ, ಏಳು ಜನರಲ್ಲಿ ಒಬ್ಬನಾಗಿ ಸತ್ತ.

ಮಾಲ್ಟ್‌ಬಿಯ ಹೆಸರು ಇತಿಹಾಸದಲ್ಲಿ ಉಳಿದದ್ದು ಅದೇ ವರ್ಷದ ಮೇ 16ರ ರಾತ್ರಿಯಿಂದ. ಜರ್ಮನಿಯ ರೂರ್ ಕೈಗಾರಿಕಾ ಪ್ರದೇಶಕ್ಕೆ ನೀರು ಕೊಡುತ್ತಿದ್ದ ಅಣೆಕಟ್ಟುಗಳನ್ನು ಒಡೆಯಲೆಂದೇ ಮಾರ್ಚ್ ತಿಂಗಳಲ್ಲಿ ಸ್ಕ್ಯಾಂಪ್ಟನ್ ನೆಲೆಯಲ್ಲಿ 617ನೇ ಸ್ಕ್ವಾಡ್ರನ್ ಕಟ್ಟಿದ್ದರು. ಬಾರ್ನ್ಸ್ ವಾಲಿಸ್ ಎಂಬ ಎಂಜಿನಿಯರ್ ರೂಪಿಸಿದ, ನೀರಿನ ಮೇಲೆ ಪುಟಿಯುತ್ತ ಹೋಗಿ ಕಟ್ಟೆಗೆ ತಾಗಿ ಮುಳುಗಿದ ಮೇಲೆ ಸಿಡಿಯುವ ಬಾಂಬು. ಅದನ್ನು ನೀರಿನಿಂದ ಬರೀ 60 ಅಡಿ ಎತ್ತರದಲ್ಲಿ ಹಾರಿ ಬಿಡಬೇಕು. ಗೈ ಗಿಬ್ಸನ್‌ನ ಮುಂದಾಳುತನದಲ್ಲಿ 19 ಲ್ಯಾಂಕಾಸ್ಟರುಗಳು ಹೋದವು. ಮೋನೆ ಅಣೆಕಟ್ಟಿನ ಮೇಲೆ ಐದನೆಯದಾಗಿ ಎರಗಿದ್ದು ಮಾಲ್ಟ್‌ಬಿಯ ವಿಮಾನ. ಹತ್ತಿರವಾಗುತ್ತಿದ್ದಂತೆ ಕಟ್ಟೆಯ ನೆತ್ತಿ ಆಗಲೇ ಉದುರುತ್ತಿರುವುದು ಅವನ ಕಣ್ಣಿಗೆ ಬಿತ್ತು. ಅವನಿಗಿಂತ ಮುಂಚೆ ಬಂದ ಹೆನ್ರಿ ಯಂಗ್‌ನ ಬಾಂಬು ತನ್ನ ಕೆಲಸ ಮಾಡಿತ್ತು. ಮಾಲ್ಟ್‌ಬಿ ಕೊಂಚ ಎಡಕ್ಕೆ ಸರಿದು ಬಾಂಬು ಬಿಟ್ಟ. ಕಟ್ಟೆ ಬಾಯಿಬಿಟ್ಟಿತು.

ಆ ರಾತ್ರಿಯ ಕಥೆ ಸಿನಿಮಾ ಆಯಿತು. 1955ರ ‘ದಿ ಡ್ಯಾಂ ಬಸ್ಟರ್ಸ್’ ಚಿತ್ರದಲ್ಲಿ ಜಾರ್ಜ್ ಬೇಕರ್ ಎಂಬ ನಟ ಮಾಲ್ಟ್‌ಬಿಯ ಪಾತ್ರ ಮಾಡಿದ. ಸತ್ತ ಮಾವನನ್ನು ತೆರೆಯ ಮೇಲೆ ಬೇರೊಬ್ಬನ ಮುಖದಲ್ಲಿ ನೋಡುವ ಕುಟುಂಬಗಳು ಎಷ್ಟಿದ್ದಾವು? ಆದರೆ ಸಿನಿಮಾ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದು ಹೆಚ್ಚು. ಹೋದ 19 ವಿಮಾನಗಳಲ್ಲಿ ಎಂಟು ಮರಳಲಿಲ್ಲ. 53 ಮಂದಿ ಸತ್ತರು, ಮೂವರು ಸೆರೆಯಾದರು. ಕಣಿವೆಯಲ್ಲಿ ಇಳಿದ ಪ್ರವಾಹಕ್ಕೆ ಸಿಕ್ಕಿ ಸತ್ತವರು 1,300ಕ್ಕೂ ಹೆಚ್ಚು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಜರ್ಮನರೇ ಅಲ್ಲ. ಸೋವಿಯತ್ ನಾಡುಗಳಿಂದ ಹಿಡಿದು ತಂದು ನೇಹೈಮ್ ಊರಿನ ಶಿಬಿರದಲ್ಲಿ ಕೂಡಿಹಾಕಿ ದುಡಿಸುತ್ತಿದ್ದ ನೂರಾರು ಹೆಂಗಸರು ಅವರಲ್ಲಿದ್ದರು. ಸತ್ತ ಬಂಧುವನ್ನು ಪ್ರೀತಿಯಿಂದ ಹುಡುಕುವವರಿಗೆ ಈ ಸಂಗತಿ ಎದುರಾಗಲೇಬೇಕು. ಬಾಂಬರ್ ಪಡೆಯ ಯಾವ ಕುಟುಂಬದ ಹುಡುಕಾಟವಾದರೂ ಒಂದು ಕೊನೆಯಲ್ಲಿ ಒಬ್ಬ ಹುಡುಗನ ಫೋಟೋ ಇರುತ್ತದೆ, ಇನ್ನೊಂದು ಕೊನೆಯಲ್ಲಿ ಅವನು ಹೋಗಿ ಬಂದ ಊರುಗಳಿರುತ್ತವೆ. ಎರಡನ್ನೂ ಒಟ್ಟಿಗೆ ಹಿಡಿಯಲು ಗಟ್ಟಿ ಎದೆ ಬೇಕು. ಒಂದನ್ನು ಕಾಣದಂತೆ ಮಡಚಿಟ್ಟು ಬರೆದ ಕುಟುಂಬದ ಇತಿಹಾಸ ನನಗೆ ಪೂರ್ತಿ ಅನ್ನಿಸುವುದಿಲ್ಲ.

ಈಗ ಆ ಏಳು ಜನರ ವಿಷಯಕ್ಕೆ ಬರೋಣ. ಲ್ಯಾಂಕಾಸ್ಟರಿನಲ್ಲಿ ವಾಡಿಕೆಯಾಗಿ ಇರುತ್ತಿದ್ದವರು ಪೈಲಟ್, ಎಂಜಿನ್ನುಗಳ ಮೇಲೆ ಕಣ್ಣಿಟ್ಟ ಫ್ಲೈಟ್ ಎಂಜಿನಿಯರ್, ಪರದೆ ಎಳೆದುಕೊಂಡು ದೀಪದ ಬೆಳಕಿನಲ್ಲಿ ನಕ್ಷೆಯ ಮೇಲೆ ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ವೈರ್‌ಲೆಸ್ ಆಪರೇಟರ್, ಮೂತಿಯಲ್ಲಿ ಬೋರಲು ಮಲಗಿ ಗುರಿ ಹಿಡಿಯುವ ಬಾಂಬ್ ಏಮರ್, ಇಬ್ಬರು ಗನ್ನರುಗಳು. ಅಣೆಕಟ್ಟಿನ ದಾಳಿಗೆ ಹೋದ ವಿಮಾನಗಳಲ್ಲಿ ಬೆನ್ನ ಮೇಲಿನ ಗನ್ ಗೂಡನ್ನು ತೆಗೆದುಹಾಕಿದ್ದರಿಂದ ಒಬ್ಬ ಗನ್ನರ್ ಮುಂದೆ ಕೂತ, ಇನ್ನೊಬ್ಬ ಬಾಲದಲ್ಲಿ. ಮಾಲ್ಟ್‌ಬಿಯ ಜೊತೆಗೆ ಹೋದವರು ವೇಕ್‌ಫೀಲ್ಡಿನ ವಿಲಿಯಂ ಹ್ಯಾಟನ್, ಡರ್‌ಹ್ಯಾಮ್ ಸೀಮೆಯ ಶೆರ್ಬರ್ನಿನ ವಿವಿಯನ್ ನಿಕಲ್ಸನ್, ವಿಂಚೆಸ್ಟರಿನ ಆಂಟನಿ ಸ್ಟೋನ್, ಲ್ಯಾಂಕಷೈರಿನ ಕೋನ್ ಪಟ್ಟಣದ ಜಾನ್ ಫೋರ್ಟ್, ಬರ್ಕ್‌ಲಿಯ ವಿಕ್ಟರ್ ಹಿಲ್, ಸಸೆಕ್ಸಿನ ಹೆರಾಲ್ಡ್ ಸಿಮಂಡ್ಸ್. ನಿಕಲ್ಸನ್‌ಗೆ ಅದು ಮೊಟ್ಟಮೊದಲ ದಾಳಿ. ಕತ್ತಲಲ್ಲಿ, ಮರಗಳ ನೆತ್ತಿಯ ಎತ್ತರದಲ್ಲಿ, ವಿಮಾನವನ್ನು ಜರ್ಮನಿಯ ಒಳನಾಡಿಗೆ ದಾರಿ ತಪ್ಪದೆ ಕರೆದೊಯ್ದು ಮತ್ತೆ ಮನೆಗೆ ತಂದ ಅವನಿಗೆ ಪದಕ ಸಿಕ್ಕಿತು. ಬಾಂಬ್ ಏಮರ್ ಫೋರ್ಟ್‌ಗೂ ಸಿಕ್ಕಿತು, ಮಾಲ್ಟ್‌ಬಿಗೆ ಡಿಎಸ್‌ಒ ಎಂಬ ಸೇನಾ ಗೌರವ ಬಂತು. ಉಳಿದ ನಾಲ್ವರಿಗೆ ಏನೂ ಬರಲಿಲ್ಲ.

ಯುದ್ಧದ ಪುಸ್ತಕಗಳಲ್ಲಿ ದಶಕಗಟ್ಟಲೆ ಪೈಲಟ್ಟಿನ ಹೆಸರೊಂದೇ ವಿಮಾನದ ಹೆಸರಾಗಿತ್ತು. ‘ಮಾಲ್ಟ್‌ಬಿ ಬಾಂಬು ಬಿಟ್ಟ’ ಎಂದು ನಾನೂ ಮೇಲೆ ಬರೆದೆನಲ್ಲ. ಗುಂಡಿ ಒತ್ತಿದ್ದು ಫೋರ್ಟ್. ದಾರಿ ತೋರಿಸಿದ್ದು ನಿಕಲ್ಸನ್. ಎದುರಿನ ಗುಂಡಿಗೆ ಮರುಗುಂಡು ಹಾರಿಸಿದ್ದು ಹಿಲ್. ಫಾಸ್ಟರನ ಪುಸ್ತಕದ ಹೆಸರಿನಲ್ಲೇ ಸೋದರಮಾವನ ಜೊತೆಗೆ ಅವನ ತಂಡವೂ ಸೇರಿದೆ. ನನ್ನ ಮಟ್ಟಿಗೆ ಆ ಪುಸ್ತಕದ ದೊಡ್ಡತನ ಇರುವುದು ಅಲ್ಲೇ.

ಈ ಹುಡುಕಾಟ ನಡೆಯುವುದು ಬಹುಪಾಲು ಕಾಗದಗಳಲ್ಲಿ. ಪ್ರತಿ ಸ್ಕ್ವಾಡ್ರನ್ನೂ ದಿನಚರಿಯ ಕಡತವೊಂದನ್ನು ಇಡಬೇಕಿತ್ತು. ಅದರ 540ನೇ ಫಾರಂನಲ್ಲಿ ದಿನದ ಸಾರಾಂಶ; 541ರಲ್ಲಿ ಒಂದೊಂದು ವಿಮಾನದ ಲೆಕ್ಕ. ವಿಮಾನದ ಸಂಖ್ಯೆ, ಅದರಲ್ಲಿ ಹೋದವರ ಹೆಸರುಗಳು, ಹಾರಿದ ಹೊತ್ತು, ಇಳಿದ ಹೊತ್ತು, ಕೊನೆಯಲ್ಲಿ ಷರಾ. ಮರಳದ ವಿಮಾನಕ್ಕೆ ಇಳಿದ ಹೊತ್ತಿನ ಕಾಲಂ ಖಾಲಿ. ಷರಾದಲ್ಲಿ, ಹೊರಟ ಮೇಲೆ ಸುದ್ದಿ ಬಂದಿಲ್ಲ ಎಂಬ ಅರ್ಥದ ಒಂದೋ ಎರಡೋ ಸಾಲು. ಈ ಕಡತಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ‘ಏರ್ 27’ ಎಂಬ ಗುಂಪಿನಲ್ಲಿವೆ. ಹುಡುಕುವವರು ಮೊದಲು ಹೋಗುವುದು ಅಲ್ಲಿಗೆ. ಬಂಧುವಿನ ಹೆಸರು ಒಂದು ಹಾಳೆಯಲ್ಲಿ ಸಿಕ್ಕಿದರೆ ಹಿಂದಿನ ಹಾಳೆಗಳಿಗೆ ಹೋಗುತ್ತಾರೆ: ಯಾವ ತಾರೀಖಿನಿಂದ ಈ ಏಳೂ ಹೆಸರು ಒಟ್ಟಿಗೆ ಬರುತ್ತಿವೆ, ಯಾವ ರಾತ್ರಿ ಒಂದು ಹೆಸರು ಬದಲಾಯಿತು, ಕಾಯಿಲೆಯಿಂದ ತಪ್ಪಿಸಿಕೊಂಡವನು ಬದುಕಿದನೇ, ಅವನ ಜಾಗಕ್ಕೆ ಬಂದವನು ಯಾರು? ಹೀಗೆ ಒಬ್ಬರ ಸಾವು ಇನ್ನೊಬ್ಬರ ಆಯುಷ್ಯಕ್ಕೆ ತಾಗಿಕೊಂಡಿರುವುದು ಹಾಳೆ ತಿರುವುತ್ತ ಹೋದಂತೆ ಗೊತ್ತಾಗುತ್ತದೆ.

ಇದರಾಚೆಗೆ ವಾಯುಪಡೆಯ ಸಾವುನೋವಿನ ಶಾಖೆಯ ಕಡತಗಳಿವೆ. ಅವು ‘ಏರ್ 81’ ಎಂಬ ಗುಂಪಿನಲ್ಲಿ ಕಂತುಕಂತಾಗಿ ಹೊರಬರುತ್ತಿವೆ. ಮನೆಯಲ್ಲಿ ಉಳಿದದ್ದಿದ್ದರೆ ಲಾಗ್‌ಬುಕ್ ಇದೆ. ಹಾರಿದ ಪ್ರತಿ ಸಲವೂ ಅದರಲ್ಲಿ ಬರೆದು, ತಿಂಗಳಿಗೊಮ್ಮೆ ಮೇಲಧಿಕಾರಿಯ ರುಜು ಹಾಕಿಸಬೇಕಿತ್ತು. ರಾತ್ರಿಯ ಹಾರಾಟಗಳನ್ನು ಕೆಂಪು ಶಾಯಿಯಲ್ಲಿ ಬರೆಯುವ ರೂಢಿ. ಬಾಂಬರ್ ಹುಡುಗನ ಲಾಗ್‌ಬುಕ್ಕಿನಲ್ಲಿ ಕೆಂಪು ಶಾಯಿ ಹೆಚ್ಚುತ್ತ ಹೋಗಿ ಒಂದು ಹಾಳೆಯ ನಡುವೆ ನಿಲ್ಲುತ್ತದೆ.

ಮನೆಯವರಿಗೆ ಮೊದಲು ಬರುತ್ತಿದ್ದುದು ತಂತಿ: ನಿಮ್ಮ ಮಗ ಕಾಣೆಯಾಗಿದ್ದಾನೆ. ಅದರ ಬೆನ್ನಿಗೆ ಸ್ಕ್ವಾಡ್ರನ್ ಅಧಿಕಾರಿಯ ಕಾಗದ. ಅವನ ಸಾಮಾನುಗಳನ್ನು ಬೇರೆ ಅಧಿಕಾರಿಗಳು ಬಂದು ಪಟ್ಟಿ ಮಾಡಿ, ಕೋಲ್ನ್‌ಬ್ರೂಕ್ ಎಂಬಲ್ಲಿದ್ದ ಉಗ್ರಾಣಕ್ಕೆ ಕಳಿಸುತ್ತಿದ್ದರು. ಅಲ್ಲಿಂದ ಬಹಳ ತಡವಾಗಿ ಮನೆಗೆ ಬರುತ್ತಿತ್ತು. ಸುದ್ದಿಯಿಲ್ಲದೆ ಆರು ತಿಂಗಳಾದ ಮೇಲೆ ಸಾಮಾನ್ಯವಾಗಿ, ಸತ್ತಿದ್ದಾನೆಂದು ಭಾವಿಸಲಾಗಿದೆ ಎಂಬ ಪತ್ರ. ಆ ಆರು ತಿಂಗಳಲ್ಲಿ ತಾಯಂದಿರು ಸುಮ್ಮನೆ ಕೂರಲಿಲ್ಲ. ಅದೇ ವಿಮಾನದಲ್ಲಿದ್ದ ಉಳಿದವರ ಮನೆ ವಿಳಾಸಗಳ ಪಟ್ಟಿಯನ್ನು ಇಲಾಖೆ ಕುಟುಂಬಗಳಿಗೆ ಕೊಡುತ್ತಿತ್ತು. ಗಣಿ ಕೂಲಿಯ ಹೆಂಡತಿ ಶಾಲಾ ಮೇಷ್ಟರ ಹೆಂಡತಿಗೆ, ಯಾರ್ಕ್‌ಷೈರಿನ ತಾಯಿ ಕೆನಡಾದ ತಾಯಿಗೆ ಬರೆದರು: ನಿಮಗೇನಾದರೂ ತಿಳಿಯಿತೇ, ರೆಡ್ ಕ್ರಾಸ್ ಏನು ಹೇಳಿತು, ನಿಮ್ಮ ಹುಡುಗ ಕೊನೆಯ ರಜೆಗೆ ಬಂದಾಗ ನಮ್ಮವನ ವಿಷಯ ಮಾತಾಡಿದ್ದನೇ? ಬಾಂಬರ್ ತಂಡಗಳ ಮೊದಲ ಸಂಶೋಧಕರು ಈ ಹೆಂಗಸರು. ಇಂದಿನ ಮೊಮ್ಮಕ್ಕಳು ಹಳೆಯ ಟ್ರಂಕು ತೆರೆದಾಗ ಅಪರಿಚಿತ ಮನೆಗಳಿಂದ ಬಂದ ಪತ್ರಗಳ ಕಟ್ಟು ಸಿಗುವುದು ಇದೇ ಕಾರಣಕ್ಕೆ.

ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಹಾರಿದವರು ಸುಮಾರು 1,25,000 ಜನ. ಅವರಲ್ಲಿ 55,573 ಮಂದಿ ಸತ್ತರು. ನೂರಕ್ಕೆ ನಲವತ್ತನಾಲ್ಕು. ಎಲ್ಲರೂ ಸ್ವಂತ ಇಚ್ಛೆಯಿಂದ ಬಂದವರು, ಬಹುತೇಕರು ಇಪ್ಪತ್ತರ ಆಸುಪಾಸಿನವರು. ಯುದ್ಧ ಮುಗಿದಾಗ ವಾಯುಪಡೆಯ ಎಲ್ಲ ವಿಭಾಗಗಳಲ್ಲಿ ಸೇರಿ 41,000ಕ್ಕೂ ಹೆಚ್ಚು ಜನ ಎಲ್ಲಿ ಸತ್ತರೆಂದೇ ತಿಳಿದಿರಲಿಲ್ಲ. ಅವರನ್ನು ಹುಡುಕಲೆಂದೇ 1945ರಲ್ಲಿ ಒಂದು ಪಡೆ ಕಟ್ಟಿದರು. ಅದರ ಅಧಿಕಾರಿಗಳು ಜೀಪು, ಲಾರಿಗಳಲ್ಲಿ ಫ್ರಾನ್ಸ್, ಹಾಲೆಂಡ್, ಜರ್ಮನಿ, ನಾರ್ವೆಗಳ ಹಳ್ಳಿಹಳ್ಳಿ ತಿರುಗಿದರು. ಪಾದ್ರಿ, ಊರ ಮುಖ್ಯಸ್ಥ, ಗೋರಿ ತೋಡುವವನು, ವಿಮಾನ ಬಿದ್ದ ಹೊಲದ ರೈತ, ಎಲ್ಲರನ್ನೂ ಕೇಳಿದರು. ಗೋರಿಗಳನ್ನು ಅಗೆಸಿದರು.

ಆ ಕೆಲಸದ ಬಗೆ ತಿಳಿದರೆ ಅವರ ಮೇಲೆ ಗೌರವ ಹುಟ್ಟುತ್ತದೆ. ಕೊರಳಲ್ಲಿದ್ದ ಗುರುತಿನ ಬಿಲ್ಲೆಗಳು ನಾರಿನಿಂದ ಮಾಡಿದವು, ಮಣ್ಣಿನಲ್ಲಿ ಕೊಳೆತುಹೋಗಿದ್ದವು. ಹಾಗಾಗಿ ಅಂಗಿಯ ಕಾಲರಿನಲ್ಲಿ ಅಗಸರು ಹಾಕಿದ ಗುರುತು, ಬೂಟಿನ ಅಳತೆ, ಉಂಗುರ, ಎದೆಯ ಮೇಲಿನ ರೆಕ್ಕೆಯ ಚಿಹ್ನೆ, ಹಲ್ಲು, ಇವೇ ಸಾಕ್ಷಿ. ವಿಮಾನ ಯಾವುದೆಂದೇ ತಿಳಿಯದಿದ್ದರೆ ಎಂಜಿನ್ನಿನ ಮೇಲೋ ಮೆಷಿನ್‌ಗನ್ನಿನ ಮೇಲೋ ಕೊರೆದ ಸಂಖ್ಯೆ ಹುಡುಕಿ ಲಂಡನ್ನಿನ ದಫ್ತರದೊಂದಿಗೆ ತಾಳೆ ನೋಡುತ್ತಿದ್ದರು. ಒಬ್ಬನ ಗುರುತು ಹತ್ತಿದರೆ ಉಳಿದ ಆರು ಮಂದಿ ಯಾರೆಂಬುದು 541ನೇ ಫಾರಂನಿಂದ ಗೊತ್ತಾಗುತ್ತಿತ್ತು. ಬೇರೆಬೇರೆ ಮಾಡಲಾಗದಂತೆ ಬೆರೆತುಹೋದವರನ್ನು ಒಟ್ಟಿಗೇ ಹೂತು, ಕಲ್ಲುಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿದರು. ಜರ್ಮನಿಯ ರೈಕ್ಸ್‌ವಾಲ್ಡ್ ಕಾಡಿನ ಯುದ್ಧ ಸ್ಮಶಾನದಲ್ಲಿ 7,500ಕ್ಕೂ ಹೆಚ್ಚು ಸಮಾಧಿಗಳಿವೆ. ಅಣೆಕಟ್ಟಿನ ದಾಳಿಯಲ್ಲಿ ಸತ್ತ ಹಲವರು ಇರುವುದು ಅಲ್ಲೇ. ಕೆಲಸ ಮುಗಿಯುವ ಹೊತ್ತಿಗೆ ಕಾಣೆಯಾದವರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಮಂದಿಯ ಗತಿ ತಿಳಿದಿತ್ತು.

ಸಮುದ್ರಕ್ಕೆ ಬಿದ್ದವರ ವಿಷಯದಲ್ಲಿ ಈ ಯಾವ ಉಪಾಯವೂ ನಡೆಯುವುದಿಲ್ಲ. ಗೋರಿಯಿಲ್ಲದ 20,000ಕ್ಕೂ ಹೆಚ್ಚು ವಾಯುಪಡೆಯವರ ಹೆಸರುಗಳನ್ನು ಥೇಮ್ಸ್ ನದಿಯ ಮೇಲಿನ ರನ್ನಿಮೀಡ್ ಗುಡ್ಡದ ಸ್ಮಾರಕದಲ್ಲಿ ಕೆತ್ತಿದ್ದಾರೆ. 1953ರಲ್ಲಿ ರಾಣಿ ಎಲಿಜಬೆತ್ ಅದನ್ನು ಅನಾವರಣ ಮಾಡಿದಳು. ಹ್ಯಾಟನ್, ನಿಕಲ್ಸನ್, ಸ್ಟೋನ್, ಫೋರ್ಟ್, ಹಿಲ್, ಸಿಮಂಡ್ಸ್ ಇರುವುದು ಅಲ್ಲಿ. ಆ ರಾತ್ರಿ ಹೆಚ್ಚುವರಿ ಗನ್ನರಾಗಿ ಹತ್ತಿದ್ದ ಎಂಟನೆಯವನು ವೆಲ್ಚ್. ಅಣೆಕಟ್ಟಿನ ದಾಳಿಯಲ್ಲಿ ಇಲ್ಲದಿದ್ದುದರಿಂದ ಅವನ ಹೆಸರು ಆ ಕಥೆಯ ಯಾವ ಪುಟದಲ್ಲೂ ಬರುವುದಿಲ್ಲ. ಕಾಲುವೆಯ ಕಥೆಗಾದರೂ ಅವನು ಸೇರಬೇಕು. ಮಾರನೆಯ ರಾತ್ರಿ ಮತ್ತೆ ಎಂಟು ವಿಮಾನಗಳನ್ನು ಅದೇ ಕಾಲುವೆಗೆ ಕಳಿಸಿದರು. ಐದು ಮರಳಲಿಲ್ಲ.

ಜೆಬಿ981 ಬಿದ್ದದ್ದೇಕೆ? ಪುಸ್ತಕಗಳಲ್ಲಿ ಬಹುಕಾಲ ಅಚ್ಚಾಗುತ್ತ ಬಂದ ಉತ್ತರ ಒಂದೇ: ತಿರುಗುವಾಗ ಮುಂದಿನ ವಿಮಾನದ ಗಾಳಿಯ ಸುಳಿಗೆ ಸಿಕ್ಕಿ ರೆಕ್ಕೆಯ ತುದಿ ನೀರಿಗೆ ತಾಗಿತು. ಕೇಳಲು ಸರಿಯಾಗಿಯೇ ಇದೆ. ಕುಟುಂಬಗಳು ಇಂಥ ಉತ್ತರವನ್ನು ಒಪ್ಪಿಕೊಂಡು ಎರಡು ತಲೆಮಾರು ಕಳೆದುಬಿಡುತ್ತವೆ. ಆದರೆ ಅದೇ ರಾತ್ರಿ ಎಂಟು ಮೊಸ್ಕಿಟೋ ವಿಮಾನಗಳು ಬರ್ಲಿನ್ನಿನ ಮೇಲೆ ಹೋಗಿದ್ದವು. ಇದು ಇನ್ನೊಂದು ಸ್ಕ್ವಾಡ್ರನ್ನಿನ, 139ರ, ಇನ್ನೊಂದು ಕಡತದಲ್ಲಿರುವ ಸಂಗತಿ. ಅವುಗಳಲ್ಲಿ ಒಂದು, ಡಿಜೆಡ್598, ಮರಳಲಿಲ್ಲ. ಅದರಲ್ಲಿದ್ದವರು ಕಾಲೆಡ್ಜ್ ಮತ್ತು ಮಾರ್ಷಲ್. ಬರ್ಲಿನ್ನಿನಿಂದ ಮನೆಗೆ ಬರುತ್ತಿದ್ದ ಆ ಮೊಸ್ಕಿಟೋ, ದಿಢೀರನೆ ತಿರುಗಿದ ಲ್ಯಾಂಕಾಸ್ಟರಿನ ಹಾದಿಗೆ ಅಡ್ಡ ಬಂದು ಎರಡೂ ಡಿಕ್ಕಿ ಹೊಡೆದಿರಬೇಕು ಎಂಬುದು ಈಗಿನ ಸಂಶೋಧಕರು ಹೆಚ್ಚು ಸಂಭವನೀಯವೆಂದು ಎಣಿಸುವ ವಿವರಣೆ. ಎರಡು ಕಡತಗಳನ್ನು ಅಕ್ಕಪಕ್ಕ ಇಟ್ಟು ಓದಿದವರಿಗೆ ಮಾತ್ರ ಹೊಳೆಯಬಹುದಾದದ್ದು. ಒಂದು ಸ್ಕ್ವಾಡ್ರನ್ನಿನಲ್ಲಿ ಅಪಘಾತ, ಇನ್ನೊಂದರಲ್ಲಿ ಕಾಣೆ ಎಂದು ಬೇರೆಬೇರೆಯಾಗಿ ದಾಖಲಾಗಿದ್ದ ಸಾವುಗಳು ಒಂದೇ ಕ್ಷಣದ್ದು ಎಂದಾದರೆ, ಹುಡುಕಬೇಕಾದ ಕುಟುಂಬಗಳು ಎಂಟಲ್ಲ, ಹತ್ತು.

ಫಾಸ್ಟರ್ ಅಷ್ಟಕ್ಕೆ ನಿಲ್ಲಿಸಲಿಲ್ಲ. ಅಣೆಕಟ್ಟಿನ ದಾಳಿಗೆ ಹೋದ 133 ಮಂದಿಯ ಜೀವನವನ್ನೂ ಒಬ್ಬೊಬ್ಬರದಾಗಿ ಬರೆದ ಅವನ ಇನ್ನೊಂದು ಪುಸ್ತಕ 2018ರಲ್ಲಿ ಬಂತು. ಗಿಬ್ಸನ್‌ಗೂ ಜಾಗವಿದೆ, ಬಾಲದ ಗೂಡಿನಲ್ಲಿ ಚಳಿಗೆ ಸೆಟೆದು ಕೂತಿದ್ದವನಿಗೂ ಜಾಗವಿದೆ. ಅದೇ ವರ್ಷ ಲಿಂಕನ್ ನಗರದ ಅಂಚಿನ ಗುಡ್ಡದ ಮೇಲೆ ತೆರೆದ ಬಾಂಬರ್ ಕಮಾಂಡ್ ಕೇಂದ್ರದ ಗೋಡೆಗಳಲ್ಲೂ ಸುಮಾರು 58,000 ಹೆಸರುಗಳಿವೆ. ಅಲ್ಲಿ ಹುದ್ದೆಯನ್ನೂ ಪದಕವನ್ನೂ ಬರೆದಿಲ್ಲ, ಬರೀ ಹೆಸರು. ಸಾಯುವಾಗ ಎಲ್ಲರೂ ಒಂದೇ ಸಾಲಿನಲ್ಲಿದ್ದವರನ್ನು ಸ್ಮಾರಕದಲ್ಲೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ನ್ಯಾಯ.

ಈ ಕಡತಗಳಲ್ಲಿ ನಮ್ಮ ಕೋಲಾರವೂ ಇದೆ. ಬರ್ಮಾ ಕಡೆಯ ಯುದ್ಧಕ್ಕೆ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರುಗಳನ್ನು ನಡೆಸಲು ತಂಡಗಳಿಗೆ ತರಬೇತಿ ಕೊಡುತ್ತಿದ್ದ 1673ನೇ ಘಟಕ ಕೋಲಾರದಲ್ಲಿತ್ತು. 1944ರ ನವೆಂಬರ್ 8ರಂದು ಅದೇ ಘಟಕದಿಂದ, ಕೋಲಾರದಲ್ಲೇ, 358ನೇ ಸ್ಕ್ವಾಡ್ರನ್ ಹುಟ್ಟಿತು. ಆ ಸ್ಕ್ವಾಡ್ರನ್ನಿನ ದಿನಚರಿ ಶುರುವಾಗುವುದು ಕೋಲಾರದಲ್ಲಿ. ಮುಂದೆ ಅದು ಬಂಗಾಳಕ್ಕೆ ಹೋಗಿ, ಜಪಾನಿ ಸೇನೆ ಹಿಡಿದಿದ್ದ ನಾಡುಗಳೊಳಗೆ ಗುಪ್ತಚರರನ್ನೂ ಸರಂಜಾಮನ್ನೂ ಪ್ಯಾರಾಚೂಟಿನಲ್ಲಿ ಇಳಿಸುವ ಕೆಲಸಕ್ಕೆ ತೊಡಗಿತು. 1945ರ ಜನವರಿಯಲ್ಲಿ ಇಂಡೋಚೈನಾ ಕಡೆ ಹೋದವುಗಳಲ್ಲಿ ಮೂರು ವಿಮಾನಗಳನ್ನು ಒಟ್ಟಿಗೇ ಕಳೆದುಕೊಂಡಿತು. ಆ ಯುದ್ಧರಂಗದಲ್ಲಿ ಗೋರಿಯಿಲ್ಲದೆ ಹೋದವರ ಹೆಸರುಗಳು ಸಿಂಗಪುರದ ಕ್ರಾಂಜಿ ಸ್ಮಾರಕದಲ್ಲಿವೆ. ದಕ್ಷಿಣ ಭಾರತದ ನೆಲೆಗಳಲ್ಲಿ ತರಬೇತಿಯಲ್ಲೇ ಸತ್ತು ಊರೂರ ಸ್ಮಶಾನಗಳಲ್ಲಿದ್ದವರನ್ನು ಆಮೇಲೆ ಮದ್ರಾಸಿನ ನಂದಂಬಾಕ್ಕಂ ಯುದ್ಧ ಸ್ಮಶಾನಕ್ಕೆ ತಂದರು.

ಕೆನಡಾದ ಒಂದು ಮನೆಯಲ್ಲಿ ಯಾರಾದರೂ ಅಜ್ಜನ ತಮ್ಮನ ಲಾಗ್‌ಬುಕ್ ತೆರೆದರೆ ‘ಕೋಲಾರ್’ ಎಂಬ ಹೆಸರು ಎದುರಾಗಬಹುದು. ಲಂಡನ್ನಿನ ಕಡತ ಅವರಿಗೆ ಸಂಖ್ಯೆ, ತಾರೀಖು, ಹಾರಿದ ಹೊತ್ತನ್ನು ಕೊಟ್ಟೀತು. ಆ ಹುಡುಗರು ನೋಡಿದ ಕೋಲಾರ ಹೇಗಿತ್ತು, ಅವರ ಅಡುಗೆ ಮಾಡಿದವರು, ಬಟ್ಟೆ ಒಗೆದವರು, ಓಡುದಾರಿಗೆ ಕಲ್ಲು ಹೊತ್ತವರು ಯಾರು, ತರಬೇತಿಯ ವಿಮಾನ ಬಿದ್ದರೆ ಮೊದಲು ಓಡಿಬಂದವರು ಯಾವ ಊರಿನವರು ಎಂಬುದು ಆ ಕಡತದಲ್ಲಿ ಇರುವುದಿಲ್ಲ. ಕೋಲಾರ ಸೀಮೆಯ ಮನೆಗಳಲ್ಲಿ ತಾತನೋ ಅಜ್ಜಿಯೋ ಆ ದಿನಗಳ ಬಗ್ಗೆ ಹೇಳಿದ್ದು ಯಾರಿಗಾದರೂ ನೆನಪಿದ್ದರೆ, ಹಳೆಯ ಫೋಟೋ, ಕೂಲಿ ಚೀಟಿ, ವಿಮಾನದ ತಗಡಿನ ತುಂಡು ಇದ್ದರೆ, ಯಾವ ಊರು, ಯಾರು ಹೇಳಿದ್ದು ಎಂಬುದರ ಸಮೇತ ಈಗಲೇ ಬರೆದಿಡಿ.